ಫೀಸಿನ ಗಡುವು ಮೊದಲು, ವಿದ್ಯಾರ್ಥಿವೇತನ ಆಮೇಲೆ

ತಂಗಿಗೆ ಸಿಇಟಿಯಲ್ಲಿ ಮೈಸೂರಿನ ಖಾಸಗಿ ಎಂಜಿನಿಯರಿಂಗ್ ಕಾಲೇಜೊಂದರ ಸರ್ಕಾರಿ ಕೋಟಾದ ಸೀಟು ಸಿಗಬಹುದೆಂಬ ಸೂಚನೆ ಅಣಕು ಹಂಚಿಕೆಯಲ್ಲಿಯೇ ದೊರೆತಿದ್ದರಿಂದ, ಶುಲ್ಕದ ಯೋಚನೆಯನ್ನು ನಾವು ಸ್ವಲ್ಪ ಮುಂಚಿತವಾಗಿಯೇ ಆರಂಭಿಸಿದೆವು. ಅಪ್ಪ ಪಾಂಡವಪುರ ತಾಲ್ಲೂಕಿನಲ್ಲಿ ನಾಲೆ ನೀರಿನಲ್ಲಿ ಕಬ್ಬು ಬೆಳೆಯುವವರು. ಕಬ್ಬು ಕಟಾವಾಗಿ ಕಾರ್ಖಾನೆಗೆ ಹೋದರೂ ಬಿಲ್ಲಿನ ಹಣ ಕೈಗೆ ಬರುವುದು ಯಾವಾಗಲೋ ಎಂಬುದು ಮಂಡ್ಯ ಜಿಲ್ಲೆಯಲ್ಲಿ ಯಾರಿಗೂ ಹೊಸ ಸಂಗತಿಯಲ್ಲ. ನಾನು ಮೈಸೂರಿನಲ್ಲಿ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತಿರುವುದರಿಂದ, ಎಲ್ಲೆಲ್ಲಿಂದ ಯಾವ ನೆರವು ದೊರೆಯಬಹುದೆಂದು ಹುಡುಕಿ ಅರ್ಜಿ ಹಾಕಿಸುವ ಹೊಣೆ ಸಹಜವಾಗಿ ನನ್ನ ಪಾಲಿಗೆ ಬಂತು.

ಸಲಹೆಗಳಿಗೆ ಕೊರತೆ ಇರಲಿಲ್ಲ. ನೆಂಟರು, ಪಿಯು ಕಾಲೇಜಿನ ಉಪನ್ಯಾಸಕರು, ಗ್ರಾಮ ಒನ್ ಕೇಂದ್ರದ ಹುಡುಗ, ಎಲ್ಲರೂ ಒಂದೊಂದು ಯೋಜನೆಯ ಹೆಸರು ಹೇಳಿ ಅದರಲ್ಲಿ ಎಷ್ಟು ಸಿಗುತ್ತದೆಂಬ ಮೊತ್ತವನ್ನೂ ಹೇಳುತ್ತಿದ್ದರು. ಆದರೆ ಆ ಹಣ ಯಾವಾಗ ಬರುತ್ತದೆ, ಯಾರ ಖಾತೆಗೆ ಬರುತ್ತದೆ, ಹಿಂದಿರುಗಿಸಬೇಕೇ, ಒಂದನ್ನು ಪಡೆದರೆ ಇನ್ನಾವುದು ಕೈತಪ್ಪುತ್ತದೆ ಎಂಬುದನ್ನು ಯಾರೂ ಹೇಳಲಿಲ್ಲ. ಲೆಕ್ಕದ ಕೆಲಸ ಮಾಡುವವರಿಗೆ ಮೊತ್ತದಷ್ಟೇ ತಾರೀಖೂ ಮುಖ್ಯವಾದ್ದರಿಂದ ನಾನು ಯೋಜನೆಗಳನ್ನು ಹೆಸರಿನ ಮೇಲೆ ವಿಂಗಡಿಸದೆ, ಈ ನಾಲ್ಕು ಪ್ರಶ್ನೆಗಳ ಮೇಲೆ ವಿಂಗಡಿಸಿಕೊಂಡೆ. ಮುಂದಿನ ತಿಂಗಳುಗಳಲ್ಲಿ ನಮಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಆ ವಿಂಗಡಣೆಯೇ.

ಅಪ್ಪನದು ಒಂದೇ ಷರತ್ತು: “ಸರ್ಕಾರದ್ದಾದ್ರೂ ಸಾಲ ಸಾಲ್ವೇ ಕಣವ್ವ. ತಿರುಗ ಕೊಡ್ದೆ ಇರೋ ದುಡ್ಡು ಎಷ್ಟದೆ ಅಂತ ಮದ್ಲು ನೋಡು.”

ಅದರಂತೆ ಮೊದಲು ನೋಡಿದ್ದು, ಕಟ್ಟಬೇಕಾದ ಶುಲ್ಕವೇ ಇಲ್ಲದಂತೆ ಮಾಡುವ ವಿನಾಯಿತಿಯನ್ನು. ಎಂಜಿನಿಯರಿಂಗ್‌ನಲ್ಲಿ ಎಸ್‌ಎನ್‌ಕ್ಯೂ ಎಂದು ಕರೆಯುವ ಸೀಟುಗಳಿವೆ. ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಪರಿಷತ್ತಾದ ಎಐಸಿಟಿಇ ನಿಯಮದಂತೆ ಪ್ರತಿ ಕೋರ್ಸಿನ ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಶೇ. 5ರಷ್ಟು ಸೀಟುಗಳನ್ನು, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರದ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕವಿಲ್ಲದೆ ಕೊಡುತ್ತಾರೆ. ಇದಕ್ಕೆ ಬೇರೆ ಅರ್ಜಿ ಇಲ್ಲ. ಸಿಇಟಿ ಅರ್ಜಿಯಲ್ಲಿಯೇ ಅದನ್ನು ಕೋರಿರಬೇಕು, ಆದಾಯ ಪ್ರಮಾಣಪತ್ರವಿರಬೇಕು. ಜಾತಿಯ ಪ್ರಶ್ನೆ ಇಲ್ಲಿ ಬರುವುದಿಲ್ಲ. ಇಷ್ಟು ಒಳ್ಳೆಯ ಸೌಲಭ್ಯಕ್ಕೆ ಎರಡು ಬಿಗಿಗಳಿವೆ. ಮನ್ನಾ ಆಗುವುದು ಬೋಧನಾ ಶುಲ್ಕ ಮಾತ್ರ, ವಿಶ್ವವಿದ್ಯಾಲಯದ ಮತ್ತು ಇತರ ಶುಲ್ಕಗಳನ್ನು ಕಟ್ಟಲೇಬೇಕು. ಹಾಗೂ ಆ ಸೀಟಿನಲ್ಲಿ ಸೇರಿದವರು ಮುಂದೆ ಕಾಲೇಜನ್ನಾಗಲಿ ಕೋರ್ಸನ್ನಾಗಲಿ ಬದಲಿಸುವಂತಿಲ್ಲ. ಸೀಟುಗಳು ಕಡಿಮೆ, ಕೇಳುವವರು ಹೆಚ್ಚು. ತಂಗಿಯ ರ್‍ಯಾಂಕಿಗೆ ಅವಳು ಬಯಸಿದ ಕಂಪ್ಯೂಟರ್ ವಿಜ್ಞಾನದಲ್ಲಿ ಎಸ್‌ಎನ್‌ಕ್ಯೂ ದೊರೆಯಲಿಲ್ಲ. ಬೇರೆ ಊರಿನ ಕಾಲೇಜೊಂದರಲ್ಲಿ, ಅವಳಿಗೆ ಆಸಕ್ತಿಯಿಲ್ಲದ ವಿಭಾಗದಲ್ಲಿ ಸಿಗುವ ಸಾಧ್ಯತೆ ಇತ್ತು. ನಾಲ್ಕು ವರ್ಷ ಬದಲಿಸಲಾಗದ ವಿಷಯವನ್ನು ಶುಲ್ಕದ ಕಾರಣಕ್ಕೆ ಆಯ್ದುಕೊಳ್ಳುವುದು ಸರಿಯಲ್ಲವೆಂದು ನಾನೇ ಹಟ ಹಿಡಿದೆ. ಅದು ಒಳ್ಳೆಯ ತೀರ್ಮಾನವೆಂದೇ ಇಂದಿಗೂ ನನ್ನ ಭಾವನೆ, ಆದರೆ ಅದರಿಂದಾಗಿ ಲಕ್ಷದ ಆಸುಪಾಸಿನ ಶುಲ್ಕ ನಮ್ಮ ಹೆಗಲಿಗೆ ಬಂತು.

ಮುಂದಿನದು ಕಟ್ಟಿದ ಶುಲ್ಕದ ಮರುಪಾವತಿ. ನಾವು 2ಎ ಪ್ರವರ್ಗಕ್ಕೆ ಸೇರಿದವರಾದ್ದರಿಂದ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ನೆರವು ನಮಗೆ ಅನ್ವಯಿಸುತ್ತಿತ್ತು. ರಾಜ್ಯದ ಇಂತಹ ಬಹುತೇಕ ಯೋಜನೆಗಳಿಗೆಲ್ಲ ಎಸ್‌ಎಸ್‌ಪಿ ಎಂಬ ಒಂದೇ ಪೋರ್ಟಲ್ ಇದೆ. ಅರ್ಜಿಯಲ್ಲಿ ತುಂಬುವುದು ಕಡಿಮೆ. ಆಧಾರ್ ಸಂಖ್ಯೆ ಮತ್ತು ನಾಡಕಚೇರಿಯ ಪ್ರಮಾಣಪತ್ರದ ಮೇಲಿನ ಆರ್‌ಡಿ ಸಂಖ್ಯೆ ಕೊಟ್ಟರೆ ಜಾತಿ, ಆದಾಯ ಎಲ್ಲವನ್ನೂ ಅದೇ ಎಳೆದುಕೊಳ್ಳುತ್ತದೆ. ಹಾಗೆ ಎಳೆದುಕೊಳ್ಳುವುದರಿಂದಲೇ ತೊಡಕುಗಳೂ ಹುಟ್ಟುತ್ತವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ, ಪ್ರಮಾಣಪತ್ರದಲ್ಲಿ ಅಪ್ಪನ ಪೂರ್ತಿ ಹೆಸರು. ಮನುಷ್ಯರಿಗೆ ಇದು ಒಬ್ಬಳೇ ಹುಡುಗಿ, ಗಣಕಕ್ಕೆ ಮೂವರು. ಹೊಂದಾಣಿಕೆ ಮಾಡಿಸಲು ಆಧಾರ್ ತಿದ್ದುಪಡಿಯ ದಾರಿ ಹಿಡಿಯಬೇಕಾಯಿತು. ಆದಾಯ ಪ್ರಮಾಣಪತ್ರಕ್ಕೆ 5 ವರ್ಷಗಳ ಸಿಂಧುತ್ವವಿರುವುದರಿಂದ ಹೈಸ್ಕೂಲಿನಲ್ಲಿ ಮಾಡಿಸಿದ್ದೇ ಸಾಕೆಂದು ಹಲವರು ತಿಳಿಯುತ್ತಾರೆ; ಪದವಿಯ ನಡುವೆ ಅದರ ಅವಧಿ ಮುಗಿಯುವಂತಿದ್ದರೆ ದಾಖಲಾತಿಗೆ ಮೊದಲೇ ಹೊಸದನ್ನು ಮಾಡಿಸುವುದು ಲೇಸು. ಗ್ರಾಮ ಆಡಳಿತಾಧಿಕಾರಿಯ ವರದಿ, ಕಂದಾಯ ನಿರೀಕ್ಷಕರ ಒಪ್ಪಿಗೆ, ತಹಶೀಲ್ದಾರರ ಸಹಿ ಎಂಬ ಮೂರು ಮೆಟ್ಟಿಲು ಅದಕ್ಕಿವೆ, ಜೂನ್‌ನಲ್ಲಿ ಇಡೀ ತಾಲ್ಲೂಕು ಅದೇ ಮೆಟ್ಟಿಲಿನ ಮೇಲೆ ನಿಂತಿರುತ್ತದೆ.

ಅರ್ಜಿ ಸಲ್ಲಿಕೆಗೆ ಮೊದಲು ಮೂಲ ದಾಖಲೆಗಳನ್ನು ಕಾಲೇಜಿನ ಇ-ದೃಢೀಕರಣ ಅಧಿಕಾರಿಗೆ ತೋರಿಸಿ, ಅವರು ಕೊಡುವ ಸಂಖ್ಯೆಯನ್ನು ನಮೂದಿಸಬೇಕು. ಆಮೇಲೆ ಬ್ಯಾಂಕ್ ಖಾತೆಯ ವಿಚಾರ. ಎಸ್‌ಎಸ್‌ಪಿ ಅರ್ಜಿಯಲ್ಲಿ ಖಾತೆ ಸಂಖ್ಯೆಯನ್ನು ಬರೆದುಕೊಡುವ ಪದ್ಧತಿಯಲ್ಲ. ಬ್ಯಾಂಕುಗಳ ನಡುವಿನ ಪಾವತಿಗಳನ್ನು ನಡೆಸುವ ಎನ್‌ಪಿಸಿಐ ಸಂಸ್ಥೆಯಲ್ಲಿ ಆಧಾರ್‌ಗೆ ಯಾವ ಖಾತೆ ಜೋಡಣೆಯಾಗಿದೆಯೋ ಅಲ್ಲಿಗೆ ಹಣ ಜಮೆಯಾಗುತ್ತದೆ. ಬ್ಯಾಂಕಿನಲ್ಲಿ ಆಧಾರ್ ಪ್ರತಿ ಕೊಟ್ಟ ಮಾತ್ರಕ್ಕೆ ಈ ಜೋಡಣೆ ಆಗಿರುವುದಿಲ್ಲ. ತಂಗಿಗೆ ಹೈಸ್ಕೂಲಿನಲ್ಲಿ ತೆರೆದ ಒಂದು ಖಾತೆ, ಪಿಯುಸಿಯಲ್ಲಿ ತೆರೆದ ಇನ್ನೊಂದು ಖಾತೆ ಇದ್ದವು; ಬಳಕೆಯಿಲ್ಲದೆ ನಿಂತುಹೋಗಿದ್ದ ಹಳೆಯದಕ್ಕೇ ಜೋಡಣೆ ಉಳಿದಿತ್ತು. ಅರ್ಜಿಗೆ ಮೊದಲೇ ಆಧಾರ್ ಜಾಲತಾಣದಲ್ಲಿ ಅದನ್ನು ಪರೀಕ್ಷಿಸಿದ್ದರಿಂದ ಬ್ಯಾಂಕಿಗೆ ಹೋಗಿ ಹೊಸ ಖಾತೆಗೆ ಬದಲಿಸಿಕೊಳ್ಳಲು ಸಮಯ ಸಿಕ್ಕಿತು.

ಇಷ್ಟೆಲ್ಲ ಆದರೂ ಮರುಪಾವತಿಯ ಸ್ವರೂಪವೇ ಬೇರೆ. ಇಲಾಖೆ ತನ್ನ ದರಪಟ್ಟಿಗೆ ಒಳಪಟ್ಟು ಕೊಡುತ್ತದೆಯೇ ಹೊರತು ನಾವು ಕಟ್ಟಿದ ರಸೀದಿಯಲ್ಲಿರುವಷ್ಟನ್ನೂ ಅಲ್ಲ. ಅದೂ ಕೈಗೆ ಬರುವುದು ತರಗತಿಗಳು ಆರಂಭವಾಗಿ ಎಷ್ಟೋ ತಿಂಗಳ ಮೇಲೆ. ಸೀಟು ಹಂಚಿಕೆಯಾದಾಗ ಪರೀಕ್ಷಾ ಪ್ರಾಧಿಕಾರಕ್ಕೆ ಶುಲ್ಕ ಕಟ್ಟಲು ಸಿಗುವುದು ಕೆಲವೇ ದಿನಗಳ ಗಡುವು. ಬರಲಿರುವ ಹಣವನ್ನು ನಂಬಿ ಆ ಗಡುವಿನಲ್ಲಿ ಏನನ್ನೂ ಕಟ್ಟಲಾಗದು. ಬಡವರ ಮಕ್ಕಳಿಗೆಂದು ರೂಪಿಸಿದ ನೆರವು, ಮೊದಲು ಕಟ್ಟುವ ಶಕ್ತಿಯುಳ್ಳವರಿಗೆ ಸಲೀಸಾಗಿ ಒದಗುತ್ತದೆಂಬುದು ನನಗೆ ಈ ವ್ಯವಸ್ಥೆಯ ದೊಡ್ಡ ಕೊರತೆಯಾಗಿ ಕಂಡಿತು.

ತಂಗಿಯ ಪಿಯುಸಿ ಗೆಳತಿಯ ಅನುಭವ ಇದಕ್ಕಿಂತ ಹಗುರವಾಗಿತ್ತು. ಆಕೆ ಪರಿಶಿಷ್ಟ ಜಾತಿಯ ಕುಟುಂಬದವಳು, ತಂದೆ ಗಾರೆ ಕೆಲಸದವರು. ಕುಟುಂಬದ ಆದಾಯ 2.5 ಲಕ್ಷ ರೂಪಾಯಿಯೊಳಗೆ ಇದ್ದುದರಿಂದ ದಾಖಲಾತಿಯ ಹೊತ್ತಿನಲ್ಲಿಯೇ ದೊಡ್ಡ ಮೊತ್ತ ಕಟ್ಟುವ ಪ್ರಮೇಯ ಬರಲಿಲ್ಲ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ಲೂ ದೊರೆಯಿತು. ದ್ವಿತೀಯ ಪಿಯುಸಿಯನ್ನು ಮೊದಲ ಯತ್ನದಲ್ಲಿಯೇ ಪ್ರಥಮ ದರ್ಜೆಯಲ್ಲಿ ಮುಗಿಸಿದ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ 20,000 ರೂಪಾಯಿಗಳ ಪ್ರೋತ್ಸಾಹಧನವಿದೆ ಎಂಬುದು ಆ ಮನೆಯವರಿಗೆ ತಿಳಿದಿರಲಿಲ್ಲ. ಎಸ್‌ಎಸ್‌ಪಿಗಾಗಿ ನಾವು ಹುಡುಕಾಡುವಾಗ ಕಣ್ಣಿಗೆ ಬಿದ್ದು ತಿಳಿಸಿದೆವು. ತಂದೆಗೆ ಕಟ್ಟಡ ಕಾರ್ಮಿಕರ ಮಂಡಳಿಯ ನೋಂದಣಿ ಇದ್ದುದರಿಂದ ಅಲ್ಲಿಯೂ ಮಕ್ಕಳ ಓದಿಗೆ ಧನಸಹಾಯ ಕೇಳುವ ಅವಕಾಶವಿತ್ತು. ತಂದೆತಾಯಿಯ ಕಸುಬಿಗೆ ಅಂಟಿಕೊಂಡ ಇಂತಹ ನೆರವುಗಳನ್ನು ಕಾಲೇಜಿನ ಸೂಚನಾ ಫಲಕದಲ್ಲಿ ಯಾರೂ ಹಾಕುವುದಿಲ್ಲ.

ನಮ್ಮ ಕಡೆಗೆ ಅಂತಹುದು ರೈತ ವಿದ್ಯಾನಿಧಿ. 2021ರಲ್ಲಿ ಆರಂಭವಾದಾಗ ನಿಗದಿಯಾದ ದರದಂತೆ ಪದವಿಪೂರ್ವ ಮತ್ತು ಐಟಿಐ ಓದುವ ಹುಡುಗರಿಗೆ ವರ್ಷಕ್ಕೆ 2,500, ಹುಡುಗಿಯರಿಗೆ 3,000 ರೂಪಾಯಿ. ಎಂಜಿನಿಯರಿಂಗ್, ವೈದ್ಯಕೀಯ ಓದುವವರಿಗೆ ಕ್ರಮವಾಗಿ 10,000 ಮತ್ತು 11,000. ಇದಕ್ಕೆ ಅಪ್ಪನ ಹೆಸರಿನಲ್ಲಿ ರೈತರ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಇರಬೇಕು. ನಮ್ಮ ಜಮೀನಿನ ಪಹಣಿ ಇನ್ನೂ ತಾತನ ಹೆಸರಿನಲ್ಲಿದೆ. ಮಂಡ್ಯ ಸೀಮೆಯಲ್ಲಿ ಅಣ್ಣತಮ್ಮಂದಿರ ಭಾಗವಾಗಿದ್ದರೂ ಕಾಗದದಲ್ಲಿ ಒಟ್ಟಾಗಿಯೇ ಉಳಿದ ಜಮೀನುಗಳು ಎಷ್ಟೋ ಇವೆ, ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಜಮೀನು ಬದಲಿಸುವ ಪೌತಿ ಖಾತೆಯ ಕೆಲಸ ಎಲ್ಲ ಚಿಕ್ಕಪ್ಪಂದಿರೂ ಒಮ್ಮನಸ್ಸಾದಾಗ ಆಗುವಂಥದ್ದು. ಮಗಳ ವಿದ್ಯಾರ್ಥಿವೇತನದ ನೆಪದಲ್ಲಿ ಅದೂ ಶುರುವಾಗಿದೆ. ಮುಗಿದ ಮೇಲೆ ಎಫ್‌ಐಡಿ.

ಕೇಂದ್ರ ಸರ್ಕಾರದ ಯೋಜನೆಗಳಿಗೆ ಎನ್‌ಎಸ್‌ಪಿ ಎಂಬ ಬೇರೆ ಪೋರ್ಟಲ್. ಅಲ್ಲಿ ಮೊದಲು ಒಂದು ಬಾರಿಯ ನೋಂದಣಿ, ಮೊಬೈಲಿನಲ್ಲಿ ಮುಖ ತೋರಿಸಿ ದೃಢೀಕರಣ. ನಮಗೆ ಅನ್ವಯಿಸಬಹುದಾಗಿದ್ದ ಒಂದು ಯೋಜನೆ, ಪಿಯು ಮಂಡಳಿಯ ಪರೀಕ್ಷೆಯಲ್ಲಿ ತಮ್ಮ ವಿಭಾಗದ ಮೇಲಿನ ಶೇ. 20ರೊಳಗೆ ಬಂದ, ಕುಟುಂಬದ ಆದಾಯ 4.5 ಲಕ್ಷ ಮೀರದ ವಿದ್ಯಾರ್ಥಿಗಳಿಗೆ ಕೊಡುವ ಕೇಂದ್ರ ವಲಯದ ವಿದ್ಯಾರ್ಥಿವೇತನ. ದೇಶದಾದ್ಯಂತ ವರ್ಷಕ್ಕೆ 82,000 ಹೊಸಬರಿಗೆ ಇದು ಸಿಗುತ್ತದೆ. ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000, ವೃತ್ತಿಪರ ಕೋರ್ಸಿನ ನಾಲ್ಕನೆಯ ವರ್ಷಕ್ಕೆ 20,000 ರೂಪಾಯಿ. ಮುಂದುವರಿಕೆಗೆ ಶೇ. 50 ಅಂಕ, ಶೇ. 75 ಹಾಜರಾತಿ ಬೇಕು. ತಂಗಿಗೆ ಅರ್ಹತೆ ಇತ್ತು. ಆದರೆ ನಿಯಮಗಳನ್ನು ಕೊನೆಯವರೆಗೆ ಓದಿದಾಗ, ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ ಅಥವಾ ಮರುಪಾವತಿ ಪಡೆಯುವವರು ಇದನ್ನು ಪಡೆಯುವಂತಿಲ್ಲವೆಂಬ ಸಾಲು ಸಿಕ್ಕಿತು. ಇಂತಹ ಸಾಲುಗಳನ್ನು ಅರ್ಜಿ ತುಂಬಿಕೊಡುವ ಕೇಂದ್ರಗಳಲ್ಲಿ ಯಾರೂ ಓದುವುದಿಲ್ಲ, ಎಲ್ಲವನ್ನೂ ಹಾಕಿಬಿಡಿ ಎನ್ನುತ್ತಾರೆ. ಎರಡನ್ನೂ ತೂಗಿ ನಾವು ರಾಜ್ಯದ ಮರುಪಾವತಿಯನ್ನೇ ಉಳಿಸಿಕೊಂಡೆವು.

ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನದ ತೂಕವೇ ಬೇರೆ. ತಾಂತ್ರಿಕ ಶಿಕ್ಷಣದ ಮೊದಲ ವರ್ಷಕ್ಕೆ ಸೇರುವ, ಕುಟುಂಬದ ಆದಾಯ 8 ಲಕ್ಷದೊಳಗಿನ ಹುಡುಗಿಯರಿಗೆ ವರ್ಷಕ್ಕೆ 50,000 ರೂಪಾಯಿ. ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳವರೆಗೆ. ಇದು ಬಂದರೆ ಉಳಿದುದನ್ನೆಲ್ಲ ಬಿಟ್ಟುಬಿಡಬಹುದೆಂಬ ಲೆಕ್ಕದಲ್ಲಿ ಅರ್ಜಿ ಹಾಕಿಸಿದೆ. ಅಂಕಗಳ ಆಧಾರದ ಆಯ್ಕೆಯಲ್ಲಿ ಅವಳ ಹೆಸರು ಬರಲಿಲ್ಲ. ಖಾಸಗಿ ಪ್ರತಿಷ್ಠಾನಗಳ ಪೈಕಿ ಇನ್ಫೊಸಿಸ್ ಫೌಂಡೇಶನ್ನಿನ ಸ್ಟೆಮ್ ಸ್ಟಾರ್ಸ್ ಹುಡುಗಿಯರಿಗೆ ವರ್ಷಕ್ಕೆ 1 ಲಕ್ಷದವರೆಗೆ ಕೊಡುತ್ತದೆ, ಆದರೆ ತಂಗಿಯ ಕಾಲೇಜು ಅವರ ಮಾನದಂಡಕ್ಕೆ ಹೊಂದಲಿಲ್ಲ. ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ವರ್ಷಕ್ಕೆ 30,000 ರೂಪಾಯಿಗಳ ವಿದ್ಯಾರ್ಥಿವೇತನ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳೆರಡನ್ನೂ ಸರ್ಕಾರಿ ಸಂಸ್ಥೆಗಳಲ್ಲಿ ಓದಿದ ಹುಡುಗಿಯರಿಗೆ ಮೀಸಲು, ಅವಳು ಪಿಯುಸಿ ಓದಿದ್ದು ಖಾಸಗಿ ಕಾಲೇಜಿನಲ್ಲಿ. ಸರ್ಕಾರಿ ಕಾಲೇಜಿನಲ್ಲಿ ಓದುತ್ತಿರುವ ಹುಡುಗಿಯರ ಮನೆಯವರು ಇದನ್ನು ಖಂಡಿತ ನೋಡಬೇಕು.

ಊಟ ಮತ್ತು ವಸತಿಯ ನೆರವು ಬೇರೆಯೇ ಒಂದು ಬಗೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿಯಲ್ಲಿ ವರ್ಷಕ್ಕೆ ಹತ್ತು ತಿಂಗಳು ಹಣ ಕೊಡುವ ಏರ್ಪಾಡಿದೆ. ಮೈಸೂರಿನಲ್ಲಿ ಪರಸ್ಥಳದ ಬಡ ಹುಡುಗರನ್ನು ಇರಿಸಿಕೊಂಡು ಓದಿಸಿದ ಪರಂಪರೆ ಹಳೆಯದು. ‘ತಾತಯ್ಯ’ ಎಂ. ವೆಂಕಟಕೃಷ್ಣಯ್ಯನವರ ಅನಾಥಾಲಯ, ಸುತ್ತೂರು ಮಠದ ಉಚಿತ ವಿದ್ಯಾರ್ಥಿನಿಲಯ, ಬೇರೆ ಬೇರೆ ಸಮುದಾಯಗಳ ಹಾಸ್ಟೆಲ್‌ಗಳಲ್ಲಿದ್ದು ಓದಿ ಮೇಲೆ ಬಂದವರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ತಂಗಿ ಮಾತ್ರ ಊರಿನಿಂದಲೇ ಓಡಾಡುವೆನೆಂದಳು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ. ಪಾಂಡವಪುರದಿಂದ ಮೈಸೂರಿಗೆ ದಿನಾ ಹೋಗಿಬರುವ ಖರ್ಚು, ಪೇಯಿಂಗ್ ಗೆಸ್ಟ್ ಕೊಠಡಿಯ ಬಾಡಿಗೆ, ಎರಡೂ ಉಳಿದವು. ಯಾವ ವಿದ್ಯಾರ್ಥಿವೇತನದ ಪಟ್ಟಿಯಲ್ಲಿಯೂ ಶಕ್ತಿಯ ಹೆಸರಿಲ್ಲ. ನಮ್ಮ ಮನೆಯ ಲೆಕ್ಕದಲ್ಲಿ ಅರ್ಜಿಯಿಲ್ಲದೆ, ಮೊದಲ ದಿನದಿಂದಲೇ, ತಪ್ಪದೆ ದೊರೆತ ನೆರವು ಅದೊಂದೇ.

ಆದರೂ ದಾಖಲಾತಿಯ ಹೊತ್ತಿನ ಶುಲ್ಕಕ್ಕೆ ಇವು ಯಾವುವೂ ಒದಗಲಿಲ್ಲ. ಅಪ್ಪ ಒಡವೆ ಅಡವಿಡುವ ಮಾತೆತ್ತಿದಾಗ ನಾನು ಸಾಲದ ಕಾಗದಗಳನ್ನು ಮುಂದಿಟ್ಟೆ. ಮೊದಲನೆಯದು ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ಅರಿವು. ಸಿಇಟಿ, ನೀಟ್ ಮೂಲಕ ಆಯ್ಕೆಯಾದವರಿಗೆ ವರ್ಷಕ್ಕೆ 1 ಲಕ್ಷದವರೆಗೆ ಶೇ. 2ರ ಬಡ್ಡಿಯಲ್ಲಿ ಕೊಡುವ ಸಾಲ ಇದು. ಅಲ್ಪಸಂಖ್ಯಾತರಿಗೂ ಅವರದೇ ನಿಗಮದಿಂದ ಅರಿವು ಇದೆ. ಇಷ್ಟು ಕಡಿಮೆ ಬಡ್ಡಿಗೆ ಬೇರೆಲ್ಲಿಯೂ ಹಣ ಹುಟ್ಟುವುದಿಲ್ಲ. ಅನುದಾನ ಇದ್ದಷ್ಟು ಜನರಿಗೆ ಮಾತ್ರವಾದ್ದರಿಂದ ಅರ್ಜಿ ಹಾಕಿ ಕಾಯಬೇಕು. ನಮ್ಮದು ಕಾಯುವವರ ಸಾಲಿನಲ್ಲಿಯೇ ಉಳಿಯಿತು.

ಉಳಿದದ್ದು ಬ್ಯಾಂಕ್. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿಯ ಸುದ್ದಿ ಎಲ್ಲ ಕಡೆ ಇತ್ತು. ಆಸ್ತಿಯ ಆಧಾರವಿಲ್ಲದೆ, ಜಾಮೀನಿಲ್ಲದೆ ಸಾಲ, ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3ರ ಬಡ್ಡಿ ರಿಯಾಯಿತಿ. ಆದರೆ ಅದು ರ್‍ಯಾಂಕಿಂಗ್ ಆಧಾರದ ಮೇಲೆ ಆಯ್ದ ಸಂಸ್ಥೆಗಳಿಗೆ ಸೀಮಿತ, ತಂಗಿಯ ಕಾಲೇಜು ಆ ಪಟ್ಟಿಯಲ್ಲಿಲ್ಲ. ಹಾಗೆಂದ ಮಾತ್ರಕ್ಕೆ ಶಿಕ್ಷಣ ಸಾಲವೇ ಇಲ್ಲವೆಂದಲ್ಲ. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಂತೆ 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಜಮೀನಿನ ಆಧಾರವೂ ಬೇಡ, ಮೂರನೆಯವರ ಜಾಮೀನೂ ಬೇಡ, ನಮ್ಮ ಪಾಲಿನ ಹಣವೂ ಬೇಡ. ತಂದೆ ಅಥವಾ ತಾಯಿ ಸಹ-ಸಾಲಗಾರರಾಗಬೇಕು, ಅಷ್ಟೆ. 7.5 ಲಕ್ಷ ಮೀರಿದರೆ ಆಸ್ತಿಯ ಆಧಾರ ಕೇಳುತ್ತಾರೆ.

ಊರಿನ ಹತ್ತಿರದ ಒಂದು ಶಾಖೆಯಲ್ಲಿ, ಕಾಲೇಜು ಮೈಸೂರಿನಲ್ಲಿರುವುದರಿಂದ ಅಲ್ಲಿಯೇ ಕೇಳಿ ಎಂದರು. ಮೈಸೂರಿನ ಇನ್ನೊಂದು ಬ್ಯಾಂಕಿನ ಶಾಖೆಯಲ್ಲಿ, ವಿಳಾಸ ಪಾಂಡವಪುರದ್ದಾದ್ದರಿಂದ ಅಲ್ಲಿಯೇ ಕೇಳಿ ಎಂದರು. ಸೇವಾ ವ್ಯಾಪ್ತಿಯ ಕಾರಣ ಕೊಟ್ಟು ಶಿಕ್ಷಣ ಸಾಲ ನಿರಾಕರಿಸಬಾರದೆಂದು ರಿಸರ್ವ್ ಬ್ಯಾಂಕ್ ಸೂಚಿಸಿರುವುದು ನನಗೆ ಕಚೇರಿಯ ಕೆಲಸದಿಂದ ಗೊತ್ತಿತ್ತು. ವಾದಕ್ಕೆ ನಿಲ್ಲದೆ, ಆ ಯೋಜನೆಗಷ್ಟೇ ಅಲ್ಲದೆ ಸಾಮಾನ್ಯ ಶಿಕ್ಷಣ ಸಾಲಕ್ಕೂ ಇರುವ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿಸಿದೆ. ಅಲ್ಲಿ ಹಾಕಿದ ಅರ್ಜಿ ದಾಖಲೆಯಾಗುತ್ತದೆ, ಬಾಯಿಮಾತಿನಲ್ಲಿ ತಿರುಗಿ ಕಳುಹಿಸುವುದಕ್ಕೂ ದಾಖಲೆಯಾದ ಅರ್ಜಿಯನ್ನು ತಿರಸ್ಕರಿಸುವುದಕ್ಕೂ ಶಾಖೆಗಳು ವ್ಯತ್ಯಾಸ ಮಾಡುತ್ತವೆ. ಸೀಟು ಹಂಚಿಕೆಯ ಪತ್ರ, ಕಾಲೇಜು ಕೊಟ್ಟ ನಾಲ್ಕೂ ವರ್ಷದ ಶುಲ್ಕದ ವಿವರ, ಅಂಕಪಟ್ಟಿ, ಆದಾಯ ಪ್ರಮಾಣಪತ್ರ ಜೊತೆಗಿದ್ದವು. 4 ಲಕ್ಷದೊಳಗಿನ ಸಾಲವನ್ನೇ ಕೇಳಿದೆವು. ಅಪ್ಪನ ಬೆಳೆಸಾಲ ಇರುವ ಬ್ಯಾಂಕೇ ಕೊನೆಗೆ ಒಪ್ಪಿತು, ಆ ಸಾಲವನ್ನು ಅವರು ವರ್ಷವರ್ಷವೂ ನವೀಕರಿಸಿಕೊಂಡು ಬಂದಿದ್ದು ಇಲ್ಲಿ ಕೆಲಸಕ್ಕೆ ಬಂತು.

ಸಹಿ ಹಾಕುವ ಮೊದಲು ಅಪ್ಪನಿಗೆ ಷರತ್ತುಗಳನ್ನು ಒಂದೊಂದಾಗಿ ಓದಿ ಹೇಳಿದೆ. ಹಣ ನಮ್ಮ ಕೈಗೆ ಬರುವುದಿಲ್ಲ, ವರ್ಷಕ್ಕೊಮ್ಮೆ ನೇರವಾಗಿ ಕಾಲೇಜಿಗೆ ಹೋಗುತ್ತದೆ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಆ ಅವಧಿಯಲ್ಲಿ ಸರಳ ಬಡ್ಡಿ ಮಾತ್ರ. ಆದಾಯ 4.5 ಲಕ್ಷದೊಳಗಿದ್ದು, ಕೋರ್ಸು ತಾಂತ್ರಿಕ ಅಥವಾ ವೃತ್ತಿಪರವಾಗಿದ್ದು, ಸಂಸ್ಥೆಗೆ ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆ ಇದ್ದರೆ ಆ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆ ಇದೆ, ಆದರೆ ಬ್ಯಾಂಕು ತಾನಾಗಿಯೇ ಅದನ್ನು ಮಾಡುತ್ತದೆಂದು ನಂಬಿ ಕೂರಬಾರದು, ಆದಾಯ ಪ್ರಮಾಣಪತ್ರ ಕೊಟ್ಟು ಕೇಳಿ ಸೇರಿಸಿಕೊಳ್ಳಬೇಕು. ಅವಧಿಗೆ ಮೊದಲೇ ಸಾಲ ತೀರಿಸಿದರೆ ದಂಡವಿಲ್ಲ. ಈ ಕೊನೆಯದನ್ನು ಕೇಳಿದ ಮೇಲೆ ಅಪ್ಪ ಪೆನ್ನು ತೆಗೆದುಕೊಂಡರು.

ಪ್ರಾಧಿಕಾರಕ್ಕೆ ಕಟ್ಟಬೇಕಾದ ಮೊದಲ ಹಣವನ್ನು ಮಾತ್ರ ಬ್ಯಾಂಕಿನ ಮಂಜೂರಾತಿಗೆ ಕಾಯದೆ ನನ್ನ ಉಳಿತಾಯದಿಂದ ಮತ್ತು ಚಿಕ್ಕಪ್ಪನಿಂದ ಕೈಗಡ ಪಡೆದು ಕಟ್ಟಿದೆವು. ರಸೀದಿ ಇದ್ದುದರಿಂದ ಬ್ಯಾಂಕು ಆ ಮೊತ್ತವನ್ನು ನಮಗೆ ಮರಳಿಸಿತು. ಎಸ್‌ಎಸ್‌ಪಿಯ ಹಣ ಜಮೆಯಾದದ್ದು ಎರಡನೆಯ ಸೆಮಿಸ್ಟರ್ ನಡೆಯುತ್ತಿರುವಾಗ, ನಾವು ಕಟ್ಟಿದ್ದರ ಒಂದು ಭಾಗವಷ್ಟೇ. ಅದನ್ನು ಮನೆ ಖರ್ಚಿಗೆ ಮುಟ್ಟದೆ ನೇರವಾಗಿ ಸಾಲದ ಖಾತೆಗೆ ಹಾಕಿದೆವು. ಎರಡನೆಯ ವರ್ಷಕ್ಕೆ ಎಸ್‌ಎಸ್‌ಪಿಯಲ್ಲಿ ಹೊಸದಾಗಿ ಅರ್ಜಿ ಹಾಕಬೇಕು, ಬ್ಯಾಂಕಿಗೆ ಮೊದಲ ವರ್ಷದ ಅಂಕಪಟ್ಟಿ ಮತ್ತು ಕಾಲೇಜಿನ ಶುಲ್ಕ ಪತ್ರ ಕೊಟ್ಟರೆ ಮುಂದಿನ ಕಂತು ಬಿಡುಗಡೆಯಾಗುತ್ತದೆ. ಎರಡರ ಕಾಗದಗಳನ್ನೂ ತಂಗಿ ಈ ಬಾರಿ ತಾನೇ ಜೋಡಿಸುತ್ತಿದ್ದಾಳೆ.